ಮಂದ್ರ ಸೋರಿಹೋಗದಿರಲಿ: ವೀಣೆ, ಪಿಟೀಲು ನುಡಿಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವೈಣಿಕರೇ, ಪಿಟೀಲು ವಿದ್ವಾಂಸರೇ, ಈಗಷ್ಟೇ ಸರಳೆ ವರಸೆ ಹಿಡಿದಿರುವ ಮಕ್ಕಳೇ, ಅವರನ್ನು ಪಾಠಕ್ಕೆ ಕರೆದುಕೊಂಡು ಹೋಗುವ ತಂದೆ ತಾಯಂದಿರೇ,



ನಾನು ಸಂಗೀತಗಾರನಲ್ಲ. ಮೂವತ್ತೆರಡು ವರ್ಷ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವೀಣೆ ನುಡಿಸುವವಳು ನನ್ನ ತಂಗಿ. ಅವಳು ಬೆಳಗ್ಗೆ ಸಾಧನೆಗೆ ಕೂತಾಗ ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಾ ಕೇಳಿಸಿಕೊಂಡದ್ದೇ ನನ್ನ ಸಂಗೀತ ಜ್ಞಾನ. ಆದರೂ ನಿಮಗೆ ಬರೆಯಲೇಬೇಕು ಅನ್ನಿಸಿದ್ದಕ್ಕೆ ಒಂದು ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಒಂದು ಗಣೇಶೋತ್ಸವದಲ್ಲಿ ಅವಳ ಕಚೇರಿ ಇತ್ತು. ಪೆಂಡಾಲಿನಲ್ಲಿ ಮುನ್ನೂರು ಕುರ್ಚಿ, ಹೊರಗೆ ರಸ್ತೆ, ಪಕ್ಕದಲ್ಲೇ ಮೃದಂಗ. ಮೈಕ್ ಇಟ್ಟರೆ ವೀಣೆಗಿಂತ ಮೃದಂಗವನ್ನೇ ಹೆಚ್ಚು ಹಿಡಿಯುತ್ತದೆ, ವಾಲ್ಯೂಮ್ ಏರಿಸಿದರೆ ಕುಯ್ಯೋ ಅನ್ನುತ್ತದೆ ಎಂದು ಕುದುರೆಯ ಪಕ್ಕದಲ್ಲಿ ಕಾಂಟ್ಯಾಕ್ಟ್ ಮೈಕ್ ಅಂಟಿಸಿಕೊಂಡಿದ್ದಳು. ಅದರ ವೈರನ್ನು ಮೈಕ್ ಸೆಟ್ಟಿನವರು ನೇರವಾಗಿ ಮಿಕ್ಸರಿಗೆ ಚುಚ್ಚಿದರು. ವರ್ಣ ಶುರುವಾಯಿತು. ಸ್ಪೀಕರಿನಿಂದ ಬಂದದ್ದು ವೀಣೆಯಲ್ಲ, ತಗಡಿನ ಡಬ್ಬಕ್ಕೆ ತಂತಿ ಕಟ್ಟಿ ಮೀಟಿದ ಹಾಗೆ ಒಂದು ಕಿರಗುಡುವ ಸದ್ದು. ಉಗುರು ತಂತಿಗೆ ತಾಗುವ ಟಿಕ್ ಟಿಕ್ ಸ್ಪಷ್ಟವಾಗಿತ್ತು. ತಂತಿ ಮೆಟ್ಟಿನ ಮೇಲೆ ಜಾರುವ ಕೀರಲೂ ಇತ್ತು. ನಾದ ಮಾತ್ರ ಇರಲಿಲ್ಲ. ತೋಡಿಯ ಆಲಾಪನೆಯಲ್ಲಿ ಅವಳು ಮಂದ್ರಕ್ಕೆ ಇಳಿದಳು. ಬೆರಳು ಆಡುತ್ತಿರುವುದು ಕಾಣುತ್ತಿತ್ತು, ಕಿವಿಗೆ ಏನೂ ಬರುತ್ತಿರಲಿಲ್ಲ. ಅನುಮಂದ್ರದ ತಂತಿಯನ್ನು ಎರಡು ಸಲ ಮೀಟಿ ನೋಡಿದಳು, ತಲೆ ಬಗ್ಗಿಸಿ ಕುದುರೆಯನ್ನು ನೋಡಿದಳು, ಮತ್ತೆ ತಾರಕ್ಕೆ ಹೋಗಿಬಿಟ್ಟಳು. ಉಳಿದ ಕಚೇರಿಯಷ್ಟೂ ಮೇಲಿನ ಸ್ಥಾಯಿಯಲ್ಲೇ ಮುಗಿಯಿತು.

ಮೈಕ್ ಸೆಟ್ಟಿನವರು ವೀಣೆ ಸರಿಯಿಲ್ಲ ಅಂದರು. ವೀಣೆ ಬಲ್ಲವರೊಬ್ಬರು ತಂತಿ ಹಳೆಯದಾಗಿದೆ, ಮೇಳ ಕಟ್ಟಿಸಿ ಅಂದರು. ಮನೆಗೆ ಬರುವಾಗ ದಾರಿಯಲ್ಲಿ ತಂಗಿ ಕೇಳಿದಳು: "ಅಣ್ಣ, ನನ್ನ ಕೈ ಹೋಯ್ತಾ?"

ಆ ಪ್ರಶ್ನೆಗಾಗಿ ಈ ಪತ್ರ. ಅವಳ ಕೈ ಹೋಗಿರಲಿಲ್ಲ. ವೀಣೆ ಕೆಟ್ಟಿರಲಿಲ್ಲ, ತಂತಿ ಚೆನ್ನಾಗಿತ್ತು, ಮಿಕ್ಸರೂ ಸರಿಯಾಗಿಯೇ ಇತ್ತು. ಆ ಕಾಂಟ್ಯಾಕ್ಟ್ ಮೈಕಿಗೂ ಮಿಕ್ಸರಿಗೂ ನಡುವೆ ಇರಬೇಕಾಗಿದ್ದ ಒಂದು ಚಿಕ್ಕ ಪೆಟ್ಟಿಗೆ ಇರಲಿಲ್ಲ, ಅಷ್ಟೇ. ಆ ಪೆಟ್ಟಿಗೆಯೊಳಗೆ ಆರು ಬಿಡಿಭಾಗ, ಒಂದು ಬ್ಯಾಟರಿ. ನಿಮ್ಮಲ್ಲಿ ಎಷ್ಟು ಜನ ಹೀಗೆ ನಿಮ್ಮ ಕೈಯನ್ನೇ ಅನುಮಾನಿಸಿ ಮನೆಗೆ ಹೋಗಿದ್ದೀರೋ ಎಂಬ ಸಂಕಟ ನನಗಿದೆ.

ಮಾರನೆಯ ದಿನ ಅದೇ ಕಾಂಟ್ಯಾಕ್ಟ್ ಮೈಕನ್ನು ಪಕ್ಕದ ಮನೆಯ ಹುಡುಗನ ಗಿಟಾರ್ ಆಂಪ್ಲಿಫೈಯರಿಗೆ ಚುಚ್ಚಿ ನೋಡಿದೆವು. ಅನುಮಂದ್ರ ತುಂಬಿಕೊಂಡು ಬಂತು. ಅದೇ ಕಾಂಟ್ಯಾಕ್ಟ್ ಮೈಕ್, ಅದೇ ವೈರು, ಅದೇ ವೀಣೆ. "ಮನೇಲಿ ಚೆನ್ನಾಗಿತ್ತು, ಸಭೇಲಿ ಕೆಟ್ಟಿತು" ಎಂದು ನಿಮ್ಮಲ್ಲಿ ಹಲವರು ಹೇಳುವುದನ್ನು ಕೇಳಿದ್ದೇನೆ. ಅದು ಭ್ರಮೆಯಲ್ಲ, ಲೆಕ್ಕ ಹಾಕಿ ತೋರಿಸಬಹುದಾದ ಸಂಗತಿ.

ಕಾಂಟ್ಯಾಕ್ಟ್ ಮೈಕಿನೊಳಗೆ ಇರುವುದು ಪೀಜೋ ಬಿಲ್ಲೆ. ಹಿತ್ತಾಳೆಯ ತೆಳು ತಟ್ಟೆ, ಅದರ ಮೇಲೆ ಬಿಳಿಯ ಸೆರಾಮಿಕ್ ಪದರ, ಅದರ ಮೇಲೆ ಬೆಳ್ಳಿಯ ಲೇಪ. ಹಾಡುವ ಗ್ರೀಟಿಂಗ್ ಕಾರ್ಡಿನಲ್ಲಿ, ಬಝರಿನಲ್ಲಿ ಇರುವುದೂ ಇದೇ. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಫ್ರಾನ್ಸಿನ ಜಾಕ್ ಕ್ಯೂರಿ, ಪಿಯರ್ ಕ್ಯೂರಿ ಎಂಬ ಅಣ್ಣತಮ್ಮಂದಿರು 1880ರಲ್ಲೇ ಕಂಡುಕೊಂಡರು. ನಿಮ್ಮ ವೀಣೆಯ ಹಲಗೆ ನಡುಗಿದಾಗ ಬಿಲ್ಲೆ ಬಾಗುತ್ತದೆ, ಬಾಗಿದಾಗ ವಿದ್ಯುತ್ ಹುಟ್ಟುತ್ತದೆ. ಆದರೆ ಹುಟ್ಟುವುದು ಬಹಳ ಸ್ವಲ್ಪ. ಒಂದು ಬಿಂದಿಗೆಯಷ್ಟು ಅಂದುಕೊಳ್ಳಿ, ಅದಕ್ಕಿಂತ ಒಂದು ಹನಿ ಹೆಚ್ಚಿಲ್ಲ.

ಈಗ ಆ ಬಿಂದಿಗೆಯ ತಳದಲ್ಲಿ ಒಂದು ತೂತು ಇದೆ ಎಂದುಕೊಳ್ಳಿ. ಓಡಿಕೊಂಡು ಮನೆಗೆ ಬಂದರೆ ನೀರು ಉಳಿದಿರುತ್ತದೆ. ನಿಧಾನವಾಗಿ ನಡೆದುಬಂದರೆ ದಾರಿಯಲ್ಲೇ ಖಾಲಿ. ತಾರಸ್ಥಾಯಿಯ ಸ್ವರ ಓಡುವ ಸ್ವರ, ಸೆಕೆಂಡಿಗೆ ನೂರಾರು ಸಲ ಅದುರುತ್ತದೆ, ಸೋರುವುದಕ್ಕೆ ಮುಂಚೆ ಮನೆ ಸೇರುತ್ತದೆ. ಮಂದ್ರ ನಿಧಾನವಾಗಿ ಅದುರುತ್ತದೆ, ಒಂದು ಅದುರು ಮುಗಿಯುವುದರೊಳಗೆ ವಿದ್ಯುತ್ತೆಲ್ಲ ಸೋರಿಹೋಗಿರುತ್ತದೆ. ಮಿಕ್ಸರಿನ ಇನ್‌ಪುಟ್ಟೇ ಆ ತೂತು. ಅದರ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಕಡಿಮೆಯಿದ್ದಷ್ಟೂ ತೂತು ದೊಡ್ಡದು. ತಂಗಿಯ ಕಚೇರಿಯಲ್ಲಿ ಮೇಲಿನ ಸದ್ದು ಬಂದು ಕೆಳಗಿನ ನಾದ ಬಾರದೆ ಹೋದದ್ದು ಹೀಗೆ.

ಅಂಕಿಗಳಲ್ಲಿ ಹೇಳುತ್ತೇನೆ, ಹೆದರಬೇಡಿ. ಅಂಗಡಿಯಲ್ಲಿ ಸಿಗುವ 27 ಮಿಲಿಮೀಟರ್ ಬಿಲ್ಲೆಯ ಕೆಪಾಸಿಟೆನ್ಸ್, ಅಂದರೆ ಬಿಂದಿಗೆಯ ಗಾತ್ರ, ಸುಮಾರು 20 ನ್ಯಾನೋಫ್ಯಾರಡ್. ಮಿಕ್ಸರಿನ ಮೈಕ್ ಇನ್‌ಪುಟ್ಟಿಗೆ ಸಾಮಾನ್ಯವಾಗಿ 2,000 ಓಮ್ ಆಸುಪಾಸು. ಇವೆರಡನ್ನು ಜೋಡಿಸಿದರೆ ಸುಮಾರು 4,000 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಇಳಿಯುತ್ತಾ ಹೋಗುತ್ತದೆ. ವೀಣೆಯನ್ನು ಇ ಶ್ರುತಿಗೆ ಕೂಡಿಸಿದ್ದರೆ ಸಾರಣಿಯ ಷಡ್ಜ ಸುಮಾರು 165 ಹರ್ಟ್ಸ್, ಅನುಮಂದ್ರದ ಪಂಚಮ ಸುಮಾರು 62. ಅಂದರೆ ಸಾರಣಿಯ ಮೂಲನಾದದಲ್ಲಿ ಮಿಕ್ಸರಿಗೆ ಸೇರುವುದು ಇಪ್ಪತ್ತನಾಲ್ಕರಲ್ಲಿ ಒಂದು ಪಾಲು. ಅನುಮಂದ್ರದಲ್ಲಿ ಅರವತ್ತರಲ್ಲಿ ಒಂದು ಪಾಲೂ ಇಲ್ಲ. 10,000 ಓಮಿನ ಲೈನ್ ಇನ್‌ಪುಟ್ಟಿಗೆ ಕೊಟ್ಟರೆ ಆ ಗಡಿ 800 ಹರ್ಟ್ಸ್‌ಗೆ ಇಳಿಯುತ್ತದೆ, ಸಾರಣಿಯ ಐದನೇ ಒಂದು ಪಾಲು ಉಳಿಯುತ್ತದೆ. ಗಿಟಾರ್ ಆಂಪ್ಲಿಫೈಯರಿನ ಇನ್‌ಪುಟ್ ಸುಮಾರು 10 ಲಕ್ಷ ಓಮ್. ಅಲ್ಲಿ ಗಡಿ 8 ಹರ್ಟ್ಸ್, ಸೋರುವುದೇ ಇಲ್ಲ ಅನ್ನಬೇಕು. ಪಕ್ಕದ ಮನೆಯ ಹುಡುಗನ ಆಂಪ್ಲಿಫೈಯರಿನಲ್ಲಿ ಅನುಮಂದ್ರ ಬಂದದ್ದರ ಗುಟ್ಟು ಇದು.

ಪಿಟೀಲಿನವರಿಗೆ ಇನ್ನೂ ಕಷ್ಟ. ಕುದುರೆಯೊಳಗೆ ಸಿಕ್ಕಿಸುವ ಪುಟ್ಟ ಪೀಜೋ ಚೂರಿನ ಕೆಪಾಸಿಟೆನ್ಸ್ ಈ ದೊಡ್ಡ ಬಿಲ್ಲೆಗಿಂತ ಎಷ್ಟೋ ಕಡಿಮೆ, ಕೆಲವು ಸಲ 1 ನ್ಯಾನೋಫ್ಯಾರಡ್ ಅಥವಾ ಅದಕ್ಕೂ ಕಡಿಮೆ. ಬಿಂದಿಗೆಯ ಬದಲು ತಂಬಿಗೆ ಇದ್ದ ಹಾಗೆ. ಅದಕ್ಕೆ 10 ಲಕ್ಷ ಓಮ್ ಕೂಡ ಸಾಲದು, ಗಡಿ 160 ಹರ್ಟ್ಸ್‌ಗೆ ಬಂದು ನಿಲ್ಲುತ್ತದೆ. ಒಂದು ಕೋಟಿ ಓಮ್ ಬೇಕು.

ಇನ್ನೊಂದು ಮಾತು. ಉದ್ದ ವೈರು ಹಾಕಿದರೆ ಮೇಲಿನ ಸ್ವರ ಮಂಕಾಗುತ್ತದೆ ಎಂದು ಹೇಳುವವರಿದ್ದಾರೆ. ಅಯಸ್ಕಾಂತದ ಪಿಕಪ್ಪಿಗೆ ಅದು ನಿಜ. ಪೀಜೋಗೆ ಹಾಗಲ್ಲ. ವೈರಿನ ಕೆಪಾಸಿಟೆನ್ಸ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. ಅದು ಪೀಜೋದ ವಿದ್ಯುತ್ತನ್ನು ಹಂಚಿಕೊಳ್ಳುತ್ತದೆ, ಮೇಲಿನದು ಕೆಳಗಿನದು ಅನ್ನದೆ ಎಲ್ಲ ಸ್ವರವೂ ಒಂದೇ ಸಮ ಕಡಿಮೆಯಾಗುತ್ತವೆ. ಪುಟ್ಟ ಚೂರಿಗೆ ಐದು ಮೀಟರ್ ವೈರು ಕಟ್ಟಿದರೆ ಮೂರರಲ್ಲಿ ಒಂದು ಪಾಲು ಸದ್ದು ಅಲ್ಲೇ ಹೋಯಿತು. ಹಾಗಾಗಿ ಪೆಟ್ಟಿಗೆ ವಾದ್ಯದ ಪಕ್ಕದಲ್ಲೇ ಇರಬೇಕು, ಮಿಕ್ಸರಿನ ಪಕ್ಕದಲ್ಲಲ್ಲ.

ಹಿಂದಿನ ಸಾಲಿಗೆ ಕೇಳಿಸಬೇಕೆಂಬ ತವಕ ಹೊಸದಲ್ಲ. ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗೆ ಮೂರು ಸೇರಿಸಿ ಏಳು ತಂತಿ ಮಾಡಿಕೊಂಡದ್ದು ಮೈಕ್ ಇಲ್ಲದ ಸಭೆಯ ಕೊನೆಯವರೆಗೂ ನಾದ ತಲುಪಲಿ ಎಂದೇ. ಬೆಂಗಳೂರಿನ ಮಲ್ಲೇಶ್ವರದ ಬದಿಯಲ್ಲಿ ಅವರ ಹೆಸರಿನ ಸಭಾಂಗಣ ಪಿಟೀಲಿನ ಆಕಾರದಲ್ಲೇ ನಿಂತಿದೆ, ಏಳು ತಂತಿಯೂ ಇದೆ. ತನ್ನ ವಾದ್ಯದ ದನಿ ಎಲ್ಲಿಗೆ ತಲುಪುತ್ತದೆ ಎಂಬ ಹೊಣೆಯನ್ನು ಅವರು ಇನ್ನೊಬ್ಬರ ಕೈಗೆ ಬಿಡಲಿಲ್ಲ. ಈಗ ಆ ಹೊಣೆಯನ್ನು ನಾವು ಪೂರ್ತಿಯಾಗಿ ಮೈಕ್ ಸೆಟ್ಟಿನವರ ಹೆಗಲಿಗೆ ಹಾಕಿದ್ದೇವೆ. ಅವರು ಬೆಳಗ್ಗೆ ಮದುವೆ, ಸಂಜೆ ಭಾಷಣ, ರಾತ್ರಿ ಆರ್ಕೆಸ್ಟ್ರಾ ಮುಗಿಸುವವರು. ನಿಮ್ಮ ಪೀಜೋದ ಗುಣ ಅವರಿಗೆ ಹೇಗೆ ಗೊತ್ತಾಗಬೇಕು? ನಿಮಗೆ ಗೊತ್ತಿರಬೇಕು.

ವೀಣೆಗಂತೂ ಇದು ಮೇಲುಮೇಲಿನ ತೊಂದರೆಯಲ್ಲ. ವೀಣೆ ಶೇಷಣ್ಣ, ವೆಂಕಟಗಿರಿಯಪ್ಪ, ದೊರೆಸ್ವಾಮಿ ಅಯ್ಯಂಗಾರ್ಯರ ಮೈಸೂರು ಬಾನಿಯಲ್ಲಿ ಮೀಟು ಮೃದು. ವೀಣೆಯಲ್ಲಿ ಒಂದು ಸಲ ಮೀಟಿ, ಆ ನಾದ ಆರುವುದರೊಳಗೆ ತಂತಿಯನ್ನು ಎಳೆದು ಎರಡು ಮೂರು ಸ್ವರ ತೋರಿಸಬೇಕು. ಆ ಬಾಲದ ನಾದದಲ್ಲಿ ಮೇಲಿನ ಕಂಪನಗಳು ಬೇಗ ಆರಿಹೋಗಿರುತ್ತವೆ, ಉಳಿದಿರುವುದು ಮೂಲನಾದ. ಬಿಂದಿಗೆಯಿಂದ ಸೋರಿಹೋಗುವುದೂ ಅದೇ. ಹಾಗಾಗಿ ಕೇಳುಗರಿಗೆ ಮೀಟು ಕೇಳುತ್ತದೆ, ಗಮಕ ಕೇಳುವುದಿಲ್ಲ. ಗಮಕ ಕೇಳದ ವೀಣೆಯನ್ನು ವೀಣೆ ಎನ್ನಲು ನನಗೆ ಮನಸ್ಸಿಲ್ಲ.

ತೂತನ್ನು ಮುಚ್ಚುವ ಪೆಟ್ಟಿಗೆಗೆ ಬಫರ್ ಎಂದು ಹೆಸರು. ಅದು ಸದ್ದನ್ನು ಹೆಚ್ಚಿಸುವುದಿಲ್ಲ. ಪೀಜೋದಿಂದ ವಿದ್ಯುತ್ತನ್ನು ಕಿತ್ತುಕೊಳ್ಳದೆ ಅದರ ಮಟ್ಟವನ್ನು ಮಾತ್ರ ನೋಡಿಕೊಂಡು, ಅಷ್ಟೇ ಮಟ್ಟದ ಸದ್ದನ್ನು ತನ್ನ ಬ್ಯಾಟರಿಯ ಬಲದಿಂದ ಮಿಕ್ಸರಿಗೆ ಕೊಡುತ್ತದೆ. ಮಿಕ್ಸರ್ ಎಷ್ಟು ಎಳೆದರೂ ಎಳೆಯುವುದು ಬ್ಯಾಟರಿಯಿಂದ, ಬಿಲ್ಲೆಯಿಂದಲ್ಲ.

ಇದಕ್ಕೆ ಬೇಕಾದ ಮುಖ್ಯ ಭಾಗ ಫೆಟ್ ಎಂಬ ಒಂದು ಬಗೆಯ ಟ್ರಾನ್ಸಿಸ್ಟರ್. ನಮ್ಮಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಇಂಜಿನಿಯರಿಂಗ್ ಓದಿದ ಹಲವರಿಗೆ ಬಿಎಫ್‌ಡಬ್ಲ್ಯೂ10 ಎಂಬ ಫೆಟ್ ಗೊತ್ತು. ಲೋಹದ ಪುಟ್ಟ ಟೋಪಿ, ನಾಲ್ಕು ಕಾಲು. ಲ್ಯಾಬಿನಲ್ಲಿ ಫೆಟ್ ಪ್ರಯೋಗದ ದಿನ ಡಬ್ಬಿಯಿಂದ ಎಣಿಸಿ ಕೊಟ್ಟು, ಸಂಜೆ ಎಣಿಸಿ ವಾಪಸ್ ತೆಗೆದುಕೊಳ್ಳುತ್ತಿದ್ದೆ. ಮಕ್ಕಳು ವೋಲ್ಟೇಜು ಓದಿ, ಗ್ರಾಫ್ ಎಳೆದು, ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ಅದು ಯಾವ ಕೆಲಸಕ್ಕೆ ಬರುತ್ತದೆ ಎಂದು ಒಬ್ಬರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಯಲ್ಲಿ ವೀಣೆ ಇಟ್ಟುಕೊಂಡೂ ಹೇಳಲಿಲ್ಲ ಎಂಬ ಕೊರಗು ಇವತ್ತಿಗೂ ಇದೆ.

ಈಗ ಕಟ್ಟುವ ವಿಚಾರ. ನೀವೇ ಕಟ್ಟಬಹುದು. ಬೆಸುಗೆ ಅಭ್ಯಾಸವಿಲ್ಲದಿದ್ದರೆ ಮನೆಯಲ್ಲೋ ಬೀದಿಯಲ್ಲೋ ಎಲೆಕ್ಟ್ರಾನಿಕ್ಸ್ ಓದುತ್ತಿರುವ ಹುಡುಗ ಹುಡುಗಿ ಇದ್ದೇ ಇರುತ್ತಾರೆ, ಈ ಭಾಗವನ್ನು ಅವರಿಗೆ ಓದಲು ಕೊಡಿ.

ಒಂದು ಬಿಎಫ್‌ಡಬ್ಲ್ಯೂ10 ಅಥವಾ ಬಿಎಫ್‌ಡಬ್ಲ್ಯೂ11, ಒಂದು 10 ಮೆಗಾಓಮ್ (ಅದೇ ಒಂದು ಕೋಟಿ ಓಮ್) ರೆಸಿಸ್ಟರ್, ಎರಡು 10 ಕಿಲೋಓಮ್, ಒಂದು 100 ಕಿಲೋಓಮ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು. ಇವಿಷ್ಟೇ. ಜೊತೆಗೆ 9 ವೋಲ್ಟ್ ಬ್ಯಾಟರಿ, ಅದರ ಕ್ಲಿಪ್ಪು, ಕಾಲಿಂಚಿನ ಎರಡು ಜ್ಯಾಕ್, ಲೋಹದ ಒಂದು ಡಬ್ಬಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಒಂದೇ ಸುತ್ತಿನಲ್ಲಿ ಎಲ್ಲವೂ ಸಿಗುತ್ತದೆ. ಬಿಲ್ಲೆ ಹತ್ತಿಪ್ಪತ್ತು ರೂಪಾಯಿ, ನಾಲ್ಕೈದು ತನ್ನಿ, ಒಂದೆರಡು ಬೆಸುಗೆಯಲ್ಲಿ ಕೆಡುತ್ತವೆ. ಫೆಟ್ ಕೂಡ ನಾಲ್ಕೈದು ಬೇಕು, ಯಾಕೆಂದು ಮುಂದೆ ಹೇಳುತ್ತೇನೆ.

ಬಿಲ್ಲೆಯಿಂದ ಬಂದ ಸಿಗ್ನಲ್ ತಂತಿ ಮೊದಲು ಒಂದು 10 ಕಿಲೋಓಮ್ ಮೂಲಕ ಫೆಟ್‌ನ ಗೇಟಿಗೆ ಹೋಗಲಿ. ಬಿಲ್ಲೆ ಕೈತಪ್ಪಿ ನೆಲಕ್ಕೆ ಬಿದ್ದಾಗ ಹತ್ತಾರು ವೋಲ್ಟ್ ಚಿಮ್ಮಬಹುದು, ಆಗ ಗೇಟನ್ನು ಕಾಪಾಡುವುದು ಇದೇ. ಗೇಟಿನಿಂದ ನೆಲಕ್ಕೆ, ಅಂದರೆ ಬ್ಯಾಟರಿಯ ಮೈನಸ್ಸಿಗೆ ಸೇರುವ ಸಾಮಾನ್ಯ ತಂತಿಗೆ, 10 ಮೆಗಾಓಮ್. ಅದರ ಬಣ್ಣ ಕಂದು, ಕಪ್ಪು, ನೀಲಿ. ಡ್ರೇನ್ ನೇರವಾಗಿ ಬ್ಯಾಟರಿಯ ಪ್ಲಸ್ಸಿಗೆ. ಸೋರ್ಸಿನಿಂದ ನೆಲಕ್ಕೆ ಇನ್ನೊಂದು 10 ಕಿಲೋಓಮ್. ಸೋರ್ಸಿನಿಂದಲೇ ಕೆಪಾಸಿಟರಿನ ಪ್ಲಸ್ ಕಾಲು, ಅದರ ಮೈನಸ್ ಕಾಲು ಔಟ್‌ಪುಟ್ ಜ್ಯಾಕಿನ ತುದಿಗೆ. ಆ ತುದಿಯಿಂದ ನೆಲಕ್ಕೆ 100 ಕಿಲೋಓಮ್, ಇದು ಇಲ್ಲದಿದ್ದರೆ ಚುಚ್ಚಿದಾಗಲೆಲ್ಲ ಸ್ಪೀಕರಿನಲ್ಲಿ ಧಡ್ ಎನ್ನುತ್ತದೆ. ಫೆಟ್‌ನ ನಾಲ್ಕನೆಯ ಕಾಲು ಟೋಪಿಯದ್ದೇ, ಅದನ್ನೂ ನೆಲಕ್ಕೆ ಕಟ್ಟಿ. ಕಾಲುಗಳ ಕ್ರಮವನ್ನು ನೆನಪಿನಿಂದ ಹಾಕಬೇಡಿ, ಡೇಟಾಶೀಟ್ ನೋಡಿಯೇ ಹಾಕಿ.

ಔಟ್‌ಪುಟ್ಟಿಗೆ ಸ್ಟೀರಿಯೋ ಜ್ಯಾಕ್ ಹಾಕಿ, ಬ್ಯಾಟರಿಯ ಮೈನಸ್ಸನ್ನು ನೇರವಾಗಿ ನೆಲದ ತಂತಿಗೆ ಕಟ್ಟದೆ ಅದರ ನಡುವಿನ ಉಂಗುರದ ಕಾಲಿಗೆ ಕಟ್ಟಿ. ಮಾಮೂಲಿ ಮೋನೋ ಪಿನ್ನು ಚುಚ್ಚಿದಾಗ ಅದರ ಕಂಬ ಉಂಗುರವನ್ನೂ ನೆಲವನ್ನೂ ಕೂಡಿಸುತ್ತದೆ, ಪೆಟ್ಟಿಗೆ ಆನ್ ಆಗುತ್ತದೆ. ಕಿತ್ತರೆ ಆಫ್. ಬೇರೆ ಸ್ವಿಚ್ ಬೇಡ. ಕಚೇರಿ ಮುಗಿದ ಮೇಲೆ ಪಿನ್ನು ಕೀಳುವುದನ್ನು ಮಾತ್ರ ಮರೆಯಬಾರದು. ಪೆಟ್ಟಿಗೆ ಎಳೆಯುವ ಕರೆಂಟು ಮಿಲಿಆಂಪಿನ ಮೂರನೇ ಒಂದು ಪಾಲಿನಷ್ಟು. 500 ಮಿಲಿಆಂಪ್ ಅವರ್‌ನ ಒಳ್ಳೆಯ ಬ್ಯಾಟರಿ ಲೆಕ್ಕದಲ್ಲಿ ಸಾವಿರ ಗಂಟೆ ದಾಟುತ್ತದೆ.

ಕಟ್ಟಿದ ಮೇಲೆ ಸ್ಪೀಕರಿಗೆ ಚುಚ್ಚುವ ಮುಂಚೆ, ಪೆಟ್ಟಿಗೆ ಆನ್ ಆಗಲು ಔಟ್‌ಪುಟ್ಟಿಗೆ ಬರಿಯ ಮೋನೋ ಪಿನ್ನೊಂದನ್ನು ಚುಚ್ಚಿ, ಮಲ್ಟಿಮೀಟರ್ ತೆಗೆದುಕೊಳ್ಳಿ. ಕರಿ ಕಡ್ಡಿ ನೆಲಕ್ಕೆ, ಕೆಂಪು ಕಡ್ಡಿ ಸೋರ್ಸಿಗೆ. 2ರಿಂದ 4.5 ವೋಲ್ಟಿನ ಒಳಗೆ ತೋರಿಸಿದರೆ ಗೆದ್ದಿರಿ. ಫೆಟ್ ಒಂದೊಂದೂ ಒಂದೊಂದು ತರಹ, ಒಂದೇ ಡಬ್ಬಿಯಲ್ಲಿ ಬಂದ ಎರಡು ಕೂಡ ಒಂದೇ ಸಮ ಇರುವುದಿಲ್ಲ. 5 ದಾಟಿದರೆ ಡ್ರೇನಿನ ಕಡೆ ಜಾಗ ಸಾಲದು, 1ಕ್ಕಿಂತ ಕಡಿಮೆಯಾದರೆ ಜೋರು ಮೀಟಿಗೆ ಸದ್ದು ಒಡೆಯುತ್ತದೆ. ಆ ಫೆಟ್ ಪಕ್ಕಕ್ಕಿಟ್ಟು ಇನ್ನೊಂದನ್ನು ಹಾಕಿ ನೋಡಿ. ನಾಲ್ಕೈದು ತನ್ನಿ ಎಂದದ್ದು ಇದಕ್ಕೇ. ಎಂಪಿಎಫ್102 ಕೂಡ ಹೀಗೆ ಆರಿಸಿದರೆ ಕೆಲಸ ಮಾಡುತ್ತದೆ. ಗಿಟಾರಿನವರು ಮೆಚ್ಚುವ ಜೆ201 ಈ ಸರಳ ಜೋಡಣೆಗೆ ಒಗ್ಗದು, ಅದರ ಗೇಟನ್ನು ಬ್ಯಾಟರಿಯ ಅರ್ಧ ವೋಲ್ಟೇಜಿಗೆ ಎತ್ತಿ ಕೂರಿಸಬೇಕು, ಕೆಲಸ ಹೆಚ್ಚು.

ಬಿಲ್ಲೆಗೆ ಬೆಸುಗೆ ಹಾಕುವಾಗ ಅವಸರವೂ ಬೇಡ, ನಿಧಾನವೂ ಬೇಡ. ಹಿತ್ತಾಳೆಗೆ ಕಾವು ಕೊಟ್ಟರೆ ತಡೆಯುತ್ತದೆ. ಬೆಳ್ಳಿಯ ಲೇಪ ತಡೆಯುವುದಿಲ್ಲ. ತಂತಿಯ ತುದಿಗೆ ಮೊದಲೇ ಸೀಸ ಹತ್ತಿಸಿಕೊಂಡು, ಲೇಪದ ಅಂಚಿಗೆ ಇಟ್ಟು, ಕಾದ ಕಡ್ಡಿಯನ್ನು ಒಂದೆರಡು ಸೆಕೆಂಡು ಮುಟ್ಟಿಸಿ ತೆಗೆದುಬಿಡಿ. ಹೆಚ್ಚು ಹೊತ್ತು ಹಿಡಿದರೆ ಬೆಳ್ಳಿ ಎದ್ದು ಬರುತ್ತದೆ, ಬಿಲ್ಲೆ ಸತ್ತಿತು. ಬಿಲ್ಲೆಯಿಂದ ಪೆಟ್ಟಿಗೆಗೆ ಒಂದೂವರೆ ಅಡಿ ಮೀರದ, ತೆಳ್ಳಗಿನ ಶೀಲ್ಡ್ ವೈರು. ಹೊರಗಿನ ಹೆಣಿಗೆ ಹಿತ್ತಾಳೆಗೆ, ಒಳತಂತಿ ಬೆಳ್ಳಿಗೆ. ತೆರೆದ ಬಿಲ್ಲೆ ಕರೆಂಟಿನ ಗುಂಯ್‌ಗುಡುವಿಕೆಯನ್ನು ಆಂಟೆನಾದ ಹಾಗೆ ಹಿಡಿಯುತ್ತದೆ. ಬಿಳಿ ಮುಖದ ಮೇಲೆ ಒಂದು ಪದರ ಇನ್ಸುಲೇಶನ್ ಟೇಪ್ ಸುತ್ತಿ, ಅದರ ಮೇಲೆ ತಾಮ್ರದ ಹಾಳೆ ಹೊದಿಸಿ ನೆಲಕ್ಕೆ ಕಟ್ಟಿದರೆ ನಿಶ್ಶಬ್ದ. ಪೆಟ್ಟಿಗೆ ಲೋಹದ್ದಿರಬೇಕು ಎಂದದ್ದೂ ಇದಕ್ಕಾಗಿಯೇ.

ಗೇಟಿನ ಸುತ್ತ ಬೆಸುಗೆಯ ಜಿಡ್ಡು ಉಳಿದರೆ ಸ್ಪಿರಿಟ್ಟಿನಲ್ಲಿ ಒರೆಸಿ. ಒಂದು ಕೋಟಿ ಓಮ್ ಕಟ್ಟಿಟ್ಟಿರುವ ಜಾಗದಲ್ಲಿ ಜಿಡ್ಡೂ ತೇವವೂ ಸೇರಿದರೆ ಅದೇ ಹೊಸ ತೂತು. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಇದನ್ನು ನೆನಪಿಡಬೇಕು.

ಇನ್ನು ವಾದ್ಯಕ್ಕೆ ಅಂಟಿಸುವುದು. ನಿಮ್ಮನ್ನು ಕೈಮುಗಿದು ಕೇಳುತ್ತೇನೆ, ವೀಣೆಗೆ ಮೊಳೆ ಹೊಡೆಯಬೇಡಿ, ರಂಧ್ರ ಕೊರೆಯಬೇಡಿ, ಇನ್‌ಸ್ಟಂಟ್ ಅಂಟು ಹಾಕಬೇಡಿ. ಮೆಟ್ಟುಗಳನ್ನು ಕೂರಿಸುವ ಮೇಣ ನಿಮ್ಮ ಮನೆಯಲ್ಲೇ ಇದೆ. ಕಡಲೆ ಗಾತ್ರದಷ್ಟು ಮೇಣವನ್ನು ಬೆರಳಲ್ಲಿ ಮಿದ್ದು, ತೆಳ್ಳಗೆ ಹರಡಿ, ಬಿಲ್ಲೆಯ ಹಿತ್ತಾಳೆ ಮುಖವನ್ನು ಕೊಡದ ಹಲಗೆಗೆ ಒತ್ತಿ. ಗಟ್ಟಿಯಾಗಿ ಹಿಡಿಯುತ್ತದೆ, ತೆಗೆದಾಗ ಗುರುತು ಉಳಿಯುವುದಿಲ್ಲ. ಸ್ಪಂಜಿನ ಡಬಲ್ ಟೇಪ್ ಮೆತ್ತಗಿರುತ್ತದೆ, ನಾದವನ್ನು ಅದೇ ನುಂಗುತ್ತದೆ. ಜಾಗ ಎಲ್ಲಿ ಎಂದು ನಾನು ಹೇಳಲಾರೆ, ಒಂದೊಂದು ವೀಣೆಯ ಮರ ಒಂದೊಂದು ಕಡೆ ಮಾತಾಡುತ್ತದೆ. ಕುದುರೆಯ ಕಾಲಿನ ಪಕ್ಕದಿಂದ ಶುರುಮಾಡಿ ಒಂದೊಂದು ಬೆರಳಗಲ ಸರಿಸುತ್ತಾ ಹೋಗಿ. ನನ್ನ ತಂಗಿಯ ವೀಣೆಯಲ್ಲಿ ಕುದುರೆಯಿಂದ ಮೂರು ಬೆರಳು ಆಚೆ, ತಾಳದ ತಂತಿಯ ಬದಿಗೆ, ಸಾರಣಿಯೂ ಅನುಮಂದ್ರವೂ ಸಮ ಬಂದವು. ಅದನ್ನು ಕಂಡುಕೊಳ್ಳಲು ಒಂದು ಭಾನುವಾರ ಪೂರ್ತಿ ಹಿಡಿಯಿತು. ನಾನು ಸರಿಸುತ್ತಿದ್ದೆ, ಅವಳು ಮೀಟುತ್ತಿದ್ದಳು. ಆ ಜಾಗ ಸಿಕ್ಕಾಗ ಅವಳು ಮಾತಾಡಲಿಲ್ಲ, ಮಂದ್ರದಲ್ಲೇ ಅರ್ಧ ಗಂಟೆ ತೋಡಿ ನುಡಿಸಿದಳು.

ವೇದಿಕೆಯಲ್ಲಿ ಮೈಕ್ ಸೆಟ್ಟಿನವರಿಗೆ ಎರಡು ವಿಷಯ ಹೇಳಿ. ಒಂದು, ಇದನ್ನು ಲೈನ್ ಇನ್‌ಪುಟ್ಟಿಗೆ ಅಥವಾ ಡಿಐ ಬಾಕ್ಸಿಗೆ ಕೊಡಬೇಕು. ಎರಡು, ಆ ಚಾನೆಲ್ಲಿನಲ್ಲಿ ಫ್ಯಾಂಟಮ್ ಆಫ್ ಇರಬೇಕು. ಮೈಕಿಗೆಂದು ಮಿಕ್ಸರ್ ಕಳಿಸುವ ಆ 48 ವೋಲ್ಟ್ ತಿರುಗಿ ನಿಮ್ಮ ಪೆಟ್ಟಿಗೆಗೆ ನುಗ್ಗಿದರೆ ಕೆಪಾಸಿಟರ್ ಹಾಳಾಗುತ್ತದೆ. ಪೆಟ್ಟಿಗೆಯ ಮೇಲೆಯೇ ಒಂದು ಚೀಟಿ ಅಂಟಿಸಿ ಬರೆದಿಡಿ. ಮೃದುವಾಗಿ ಹೇಳಿದರೆ ಅವರು ಖಂಡಿತ ಕೇಳುತ್ತಾರೆ. ತಮ್ಮ ಸ್ಪೀಕರಿನಿಂದ ಒಳ್ಳೆಯ ನಾದ ಬರಲಿ ಎಂದು ಅವರಿಗೂ ಆಸೆಯಿದೆ.

ಸದ್ದು ತೀರಾ ಜೋರಾಗಿ ಒಡೆಯುತ್ತಿದ್ದರೆ ಬಿಲ್ಲೆಯ ಎರಡು ತಂತಿಯ ನಡುವೆ 22 ನ್ಯಾನೋಫ್ಯಾರಡ್ ಕೆಪಾಸಿಟರ್ ಒಂದನ್ನು ಅಡ್ಡ ಕಟ್ಟಿ. ಸದ್ದು ಸುಮಾರು ಅರ್ಧಕ್ಕಿಳಿಯುತ್ತದೆ, ಸ್ವರದ ಬಣ್ಣ ಬದಲಾಗುವುದಿಲ್ಲ. ಉದ್ದ ವೈರಿನ ಬಗ್ಗೆ ಹೇಳಿದೆನಲ್ಲ, ಅದೇ ಗುಣ ಇಲ್ಲಿ ಉಪಕಾರಕ್ಕೆ ಬರುತ್ತದೆ.

ಬಫರ್ ಇದ್ದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಪೀಜೋ ಕೇಳಿಸಿಕೊಳ್ಳುವುದು ಮರದ ಒಂದು ಬಿಂದುವನ್ನು. ಎದುರಿಗೆ ಕೂತವರು ಕೇಳುವುದು ಕೊಡ, ದಂಡಿ, ಬುರುಡೆ ಎಲ್ಲವೂ ಸೇರಿ ಗಾಳಿಗೆ ಬಿಟ್ಟ ನಾದವನ್ನು. ಎರಡೂ ಒಂದೇ ಆಗಲು ಸಾಧ್ಯವಿಲ್ಲ. ಪೀಜೋಗೆ ತನ್ನದೇ ಒಂದು ಒರಟುತನ ಇದೆ. ಮಿಕ್ಸರಿನಲ್ಲಿ ಸಾವಿರದಿಂದ ಮೂರು ಸಾವಿರ ಹರ್ಟ್ಸ್ ನಡುವೆ ಸ್ವಲ್ಪ ಇಳಿಸಿದರೆ ಅದು ತಗ್ಗುತ್ತದೆ. ಐವತ್ತು ಜನರ ಮನೆ ಕಚೇರಿಯಲ್ಲಿ ನನ್ನ ಮಟ್ಟಿಗೆ ಒಳ್ಳೆಯ ಮೈಕೇ ಮೇಲು, ಏನೂ ಇಲ್ಲದಿದ್ದರೆ ಇನ್ನೂ ಮೇಲು. ಪೆಂಡಾಲು, ಮೈದಾನ, ಪಕ್ಕದಲ್ಲಿ ಮೃದಂಗ ಘಟ ಇರುವ ಕಡೆ ಪೀಜೋ ಬೇಕೇ ಬೇಕು. ಎರಡನ್ನೂ ಇಟ್ಟು ಪೀಜೋದಿಂದ ತಳವನ್ನೂ ಮೈಕಿನಿಂದ ಗಾಳಿಯನ್ನೂ ಬೆರೆಸಿದರೆ ಎಲ್ಲಕ್ಕಿಂತ ಚೆನ್ನ.

ಅಂಗಡಿಯಲ್ಲಿ ಇದೇ ಕೆಲಸ ಮಾಡುವ ಸಿದ್ಧ ಪ್ರೀಆಂಪ್‌ಗಳು ಸಿಗುತ್ತವೆ, ಕೊಳ್ಳುವ ಶಕ್ತಿಯಿದ್ದವರು ಕೊಳ್ಳಿ, ತಪ್ಪಿಲ್ಲ. ಆಗಲೂ ಇನ್‌ಪುಟ್ ಇಂಪೀಡೆನ್ಸ್ ಎಷ್ಟು ಎಂದು ಕೇಳಿ. ವೀಣೆಯ ಬಿಲ್ಲೆಗೆ ಕನಿಷ್ಠ 1 ಮೆಗಾಓಮ್, ಪಿಟೀಲಿನ ಚೂರಿಗೆ 10 ಮೆಗಾಓಮ್ ಬೇಕು. ಈ ಒಂದು ಪ್ರಶ್ನೆಗೆ ಉತ್ತರ ಸಿಗದಿದ್ದರೆ ಕೊಳ್ಳಬೇಡಿ.

ಸಂಗೀತ ಶಾಲೆ ನಡೆಸುವವರಲ್ಲಿ ನನ್ನದೊಂದು ವಿನಂತಿ. ಮಕ್ಕಳಿಗೆ ತಂತಿ ಬದಲಿಸುವುದನ್ನು ಕಲಿಸುತ್ತೀರಿ, ಶ್ರುತಿ ಕೂಡಿಸುವುದನ್ನು ಕಲಿಸುತ್ತೀರಿ. ಒಂದು ಶನಿವಾರ ಹತ್ತಿರದ ಪಾಲಿಟೆಕ್ನಿಕ್ಕಿನ ಮೇಷ್ಟ್ರೊಬ್ಬರನ್ನು ಅವರ ವಿದ್ಯಾರ್ಥಿಗಳ ಜೊತೆ ಕರೆಸಿ. ಒಂದು ಪೆಟ್ಟಿಗೆ ಕಟ್ಟಲು ಎರಡು ಗಂಟೆ ಸಾಕು. ಆ ಮಕ್ಕಳಿಗೆ ಫೆಟ್ ಯಾವುದಕ್ಕೆ ಎಂದು ತಿಳಿಯುತ್ತದೆ, ನಿಮ್ಮ ಮಕ್ಕಳಿಗೆ ತಮ್ಮ ನಾದ ಎಲ್ಲಿ ಸೋರುತ್ತದೆ ಎಂದು ತಿಳಿಯುತ್ತದೆ.

ಮೊದಲ ಪೆಟ್ಟಿಗೆಯನ್ನು ನಾನು ಒಂದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕಟ್ಟಿದೆ. ಅದು ಇವತ್ತಿಗೂ ತಂಗಿಯ ವೀಣೆಯ ಚೀಲದಲ್ಲಿದೆ. ಪ್ರತಿ ಯುಗಾದಿಗೆ ಹೊಸ ಬ್ಯಾಟರಿ ಹಾಕುತ್ತೇನೆ, ರಾಮನವಮಿಯ ಕಚೇರಿಗಳು ಶುರುವಾಗುವುದರೊಳಗೆ. ಮುಂದಿನ ರಾಮನವಮಿಗೆ ನಿಮ್ಮ ಚೀಲದಲ್ಲೂ ಒಂದು ಇರಲಿ.

ಇತಿ ನಿಮ್ಮ ವಿಶ್ವಾಸಿ,
ನಿವೃತ್ತ ಲ್ಯಾಬ್ ಬೋಧಕ,
ಮೈಸೂರು